ಮಹಡಿಯ ಮನೆಯ ಟೆಲಿವಿಷನ್ನು

ಅತಿಥಿ ಎಂದರೆ ತಿಥಿಯಿಲ್ಲದವನು, ಬರುವ ದಿನವನ್ನು ಮುಂಗಡ ತಿಳಿಸದೆ ಬಾಗಿಲಿಗೆ ಬಂದು ನಿಲ್ಲುವವನು ಎಂದು ನಮಗೆ ಸಂಸ್ಕೃತ ಕಲಿಸಿದ ಮಾಸ್ತರರು ಅರ್ಥ ಹೇಳುತ್ತಿದ್ದರು. ಆ ಮಾಸ್ತರರು ಈಗ ನಮ್ಮ ಮನೆಗೆ ಬಂದರೆ ತಮ್ಮ ಅರ್ಥವನ್ನು ತಿದ್ದಿಕೊಳ್ಳಬೇಕಾದೀತು. ನಮ್ಮಲ್ಲಿಗೆ ಬರುವ ಅತಿಥಿಗಳಿಗೆ ತಿಥಿಯೂ ಉಂಟು, ಗಳಿಗೆಯೂ ಉಂಟು. ಮಧ್ಯಾಹ್ನ ಹನ್ನೆರಡಕ್ಕೆ ಬರತಕ್ಕದ್ದು, ಬೆಳಿಗ್ಗೆ ಹತ್ತಕ್ಕೆ ಹೊರಡತಕ್ಕದ್ದು, ಹಣ ಮೊದಲೇ ಸಂದಿರತಕ್ಕದ್ದು. ಇಂಥವರನ್ನು ಅತಿಥಿಗಳೆನ್ನಬೇಕೋ ಗಿರಾಕಿಗಳೆನ್ನಬೇಕೋ ಎಂದು ನಮ್ಮ ಅವ್ವನನ್ನು ಕೇಳಿದರೆ, "ನಮ್ಮ ಮನ್ಯಾಗ ಚಹಾ ಕುಡದವರು ಯಾರಾದ್ರೂ ಅತಿಥಿನೇ" ಎಂದು ಒಂದೇ ಮಾತಿನಲ್ಲಿ ತೀರ್ಮಾನ ಹೇಳಿಬಿಡುತ್ತಾಳೆ.

ಸಂಗತಿ ಇಷ್ಟೇ. ನಮ್ಮ ತಂದೆಯವರು ನೌಕರಿಯ ನಿಮಿತ್ತ ಧಾರವಾಡ ಬಿಟ್ಟು ಪುಣೆಗೆ ಬಂದವರು. ಇಲ್ಲಿಯೇ ಒಂದು ಸಣ್ಣ ಮನೆ ಕಟ್ಟಿಸಿ, ಅದನ್ನು ಅವ್ವನ ಹೆಸರಿಗೆ ಮಾಡಿ, 2021ರಲ್ಲಿ ತೀರಿಕೊಂಡರು. ಮಹಡಿಯ ಮೇಲೆ ಎರಡು ಕೋಣೆ, ಒಂದು ಚಿಕ್ಕ ಅಡಿಗೆಮನೆ. ಅಲ್ಲಿದ್ದ ಬಾಡಿಗೆಯವರು ಬಿಟ್ಟುಹೋದ ಮೇಲೆ, ವರ್ಷದ ಬಾಡಿಗೆಗಿಂತ ದಿನದ ಬಾಡಿಗೆಗೆ ಕೊಡುವುದೇ ಲೇಸೆಂದು ನಮ್ಮ ಮನೆಯಾಕೆ ಸಲಹೆಯಿತ್ತಳು. ಸರ್ಕಾರದ ನೌಕರನು ಅನುಮತಿಯಿಲ್ಲದೆ ಖಾಸಗಿ ವ್ಯಾಪಾರ ಮಾಡಕೂಡದೆಂಬುದು ಸೇವಾ ನಿಯಮ. ಆದ್ದರಿಂದ ಧಣಿಯ ಪಟ್ಟ ಅವ್ವನಿಗೆ, ಹಾಸಿಗೆ ಹೊದಿಕೆಗಳ ಖಾತೆ ಮನೆಯಾಕೆಗೆ. ನಮಗೆ ಉಳಿದದ್ದು ಗುಮಾಸ್ತಿಕೆ. ಹಗಲು ಕಚೇರಿಯಲ್ಲಿ ಮಾಡುವುದನ್ನೇ ಸಂಜೆ ಮನೆಯಲ್ಲಿಯೂ ಮಾಡುತ್ತೇವೆ.

2022ರಿಂದ ಈವರೆಗೆ ಬಂದುಹೋದವರು ಬಗೆಬಗೆಯ ಜನ. ಮಗನನ್ನು ಕಾಲೇಜಿಗೆ ಸೇರಿಸಲು ಬಂದ ತಂದೆತಾಯಿಗಳು, ಪರೀಕ್ಷೆ ಬರೆಯಲು ಬಂದ ಹುಡುಗರು, ಮದುವೆಗೆ ಬಂದ ಬೀಗರು, ದೊಡ್ಡ ಆಸ್ಪತ್ರೆಗೆ ತೋರಿಸಲು ಊರಿನಿಂದ ಬಂದ ರೋಗಿಗಳು. ಇವರೆಲ್ಲರೂ ಮಹಡಿ ಹತ್ತಿದ ಕೂಡಲೆ ಕೇಳುವ ಮೊದಲ ಪ್ರಶ್ನೆ ನೀರಿನದಲ್ಲ, ಹಾಸಿಗೆಯದೂ ಅಲ್ಲ. "ವೈಫೈ ಪಾಸ್‌ವರ್ಡ್ ಏನು?" ಎಂಬುದು ಮೊದಲನೆಯದು. "ಟಿ.ವಿ.ಯಲ್ಲಿ ಏನೇನು ಬರುತ್ತದೆ?" ಎಂಬುದು ಎರಡನೆಯದು. ಬಿಸಿನೀರಿನ ವಿಚಾರ ಮರುದಿನ ಬೆಳಿಗ್ಗೆ ಏಳುತ್ತದೆ.

ಈ ದಿನಬಾಡಿಗೆಯ ಪದ್ಧತಿಗೆ ಜಗತ್ತಿನಲ್ಲೆಲ್ಲ ಹೆಸರು ತಂದ ಏರ್‌ಬಿಎನ್‌ಬಿ ಎಂಬ ಕಂಪನಿಯ ಹುಟ್ಟು ಬಹಳ ಬಡತನದ್ದು. 2007ರಲ್ಲಿ ಅಮೆರಿಕದ ಸಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ ಇಬ್ಬರು ಗೆಳೆಯರು, ಮನೆಬಾಡಿಗೆ ಕೊಡಲು ಹಣ ಸಾಲದೆ, ತಮ್ಮ ಕೋಣೆಯಲ್ಲಿ ಮೂರು ಗಾಳಿಹಾಸಿಗೆಗಳನ್ನು ಊದಿ ಹಾಸಿ, ಸಮ್ಮೇಳನಕ್ಕೆ ಬಂದವರಿಗೆ ಮಲಗಲು ಕೊಟ್ಟರಂತೆ. ಹೆಸರಿನಲ್ಲಿರುವ 'ಏರ್' ಆ ಹಾಸಿಗೆಯ ಗಾಳಿಯೇ. ಹಾಸಿಗೆ, ಬೆಳಗಿನ ಉಪಾಹಾರ ಇಷ್ಟೇ ಅವರ ಕರಾರು. ಟೆಲಿವಿಷನ್ನಿನ ಮಾತು ಹೆಸರಿನಲ್ಲೆಲ್ಲಿಯೂ ಇಲ್ಲ. ಈಗಲೋ, ಗಾಳಿಹಾಸಿಗೆಯನ್ನಾದರೂ ಜನ ಸಹಿಸಿಯಾರು, ಟೆಲಿವಿಷನ್ನಿಲ್ಲದ ಕೋಣೆಯನ್ನು ಸಹಿಸಲಾರರು.

ಹಾಗೆಂದು ಅವರನ್ನು ದೂರುವಂತಿಲ್ಲ. ದಿಲ್ಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಯೋಗಕ್ಕೆಂದು ಮೊದಲಾದ ಟೆಲಿವಿಷನ್ನು 1972ರಲ್ಲಿ ಮುಂಬಯಿಗೂ ಮರುವರ್ಷ ಪುಣೆಗೂ ಬಂತು. ಆಗ ಓಣಿಗೊಂದು ಪೆಟ್ಟಿಗೆ. ಅದಿದ್ದ ಮನೆಯವರಿಗೆ ದಿನವೂ ಅತಿಥಿಗಳೇ. ಕರೆಯದೆ ಬಂದು, ಚಾಪೆಯ ಮೇಲೆ ಕುಳಿತು, ವಾರ್ತೆಯಿಂದ ಹಿಡಿದು ರೈತರ ಕಾರ್ಯಕ್ರಮದವರೆಗೆ ಎಲ್ಲವನ್ನೂ ನೋಡಿ ಎದ್ದುಹೋಗುವರು ಎಂದು ಅಪ್ಪ ಹೇಳುತ್ತಿದ್ದರು. ಅಂದು ಟೆಲಿವಿಷನ್ನಿದ್ದಲ್ಲಿಗೆ ಅತಿಥಿ ಬರುತ್ತಿದ್ದ. ಇಂದು ಅತಿಥಿ ಬಂದಲ್ಲಿ ಟೆಲಿವಿಷನ್ನು ಇರಬೇಕು. ನಾವು ಹುಡುಗರಾಗಿದ್ದಾಗ ಕೇಬಲ್ಲಿನವನನ್ನು ಕಾಡಿ ಬೇಡಿ ಕನ್ನಡದ ಒಂದು ಚಾನೆಲ್ಲು ಹಾಕಿಸಿಕೊಂಡಾಗ ಅವ್ವ ಅವನಿಗೆ ಹೋಳಿಗೆ ಕೊಟ್ಟು ಕಳಿಸಿದ್ದು ನೆನಪಿದೆ. ಪರಸ್ಥಳದಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಎಷ್ಟು ಹಿತವೆಂಬುದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾದ್ದಿಲ್ಲ.

ಮೊದಮೊದಲು ನಾವು ಮಾಡಿದ ವ್ಯವಸ್ಥೆ ಬಲು ಸರಳ. ಕೆಳಗಿನ ಮನೆಗೆಂದು ಚಂದಾ ಕಟ್ಟಿದ್ದ ಸ್ಟ್ರೀಮಿಂಗ್ ಖಾತೆಯನ್ನೇ ಮಹಡಿಯ ಟೆಲಿವಿಷನ್ನಿಗೂ ಜೋಡಿಸಿ, ನಮ್ಮ ನಮ್ಮ ಹೆಸರುಗಳ ಪಕ್ಕದಲ್ಲಿ 'ಅತಿಥಿ' ಎಂದು ಇನ್ನೊಂದು ಹೆಸರು ಬರೆದೆವು. ಒಂದೇ ಒಲೆಯ ಮೇಲೆ ಎರಡು ಮನೆಯ ಅಡಿಗೆ ಆಗುವುದಾದರೆ ಎರಡು ಒಲೆ ಏತಕ್ಕೆ ಎಂಬ ಲೆಕ್ಕ. ಆದರೆ ಆ ಒಲೆಯಿಂದ ನಮ್ಮ ಕೈ ಸುಟ್ಟುಕೊಳ್ಳಲು ಮೂರು ತಿಂಗಳೂ ಹಿಡಿಯಲಿಲ್ಲ.

ಮೊದಲನೆಯದಾಗಿ, ನಮ್ಮ ಚಂದಾ ಏಕಕಾಲಕ್ಕೆ ಎರಡು ಪರದೆಗಳಿಗೆ ಮಾತ್ರ. ಮಹಡಿಯ ಮೇಲೆ ಬೀಗರು ಎರಡು ಗುಂಪಾಗಿ, ಒಂದು ಗುಂಪು ಟೆಲಿವಿಷನ್ನಿನಲ್ಲಿಯೂ ಇನ್ನೊಂದು ಗುಂಪು ತಮ್ಮ ಟ್ಯಾಬಿನಲ್ಲಿಯೂ ಚಿತ್ರ ನೋಡುತ್ತಿದ್ದ ದಿನ, ಕೆಳಗೆ ಅವ್ವನ ಧಾರಾವಾಹಿ ನಿಂತುಹೋಯಿತು. ಪರದೆಯ ಮೇಲೆ ಬಂದ ಒಕ್ಕಣೆಯನ್ನು ನಾವು ಓದಿ ಹೇಳಿದಾಗ ಅವ್ವ, "ನಮ್ಮ ಮನಿ ಟಿ.ವಿ. ನೋಡಾಕ ನಮಗ ಪಾಳಿ ಏನೋ?" ಎಂದಳು. ಉತ್ತರ ನಮ್ಮ ಬಳಿ ಇರಲಿಲ್ಲ.

ಎರಡನೆಯದಾಗಿ, 'ಅತಿಥಿ' ಎಂಬ ಹೆಸರನ್ನು ಬಿಟ್ಟು ಅತಿಥಿಗಳು ಉಳಿದೆಲ್ಲ ಹೆಸರುಗಳನ್ನೂ ಒತ್ತುತ್ತಿದ್ದರು. ಪರೀಕ್ಷೆಗೆ ಬಂದ ಹುಡುಗರಿಬ್ಬರು ಅವ್ವನ ಹೆಸರಿನೊಳಗೆ ಹೊಕ್ಕು ಇಡೀ ರಾತ್ರಿ ದೆವ್ವದ ಚಿತ್ರಗಳನ್ನು ನೋಡಿಹೋದರು. ಯಂತ್ರವು ಅದನ್ನು ಅವ್ವನ ಅಭಿರುಚಿ ಎಂದೇ ಬಗೆದು, ಒಂದು ತಿಂಗಳು ಅವಳಿಗೆ ಕೊಲೆ, ರಕ್ತ, ಪಿಶಾಚಿಗಳನ್ನು ಶಿಫಾರಸು ಮಾಡಿತು. ಮೂರನೆಯದಾಗಿ, ಒಬ್ಬ ಪುಣ್ಯಾತ್ಮರು ಬಾಡಿಗೆಯ ಚಿತ್ರವೆರಡನ್ನು ತರಿಸಿಕೊಂಡು ನೋಡಿದರು. ಬಾಡಿಗೆ ಮಾತ್ರ ನಮ್ಮ ಕಾರ್ಡಿನಿಂದ ಹೋಯಿತು. ಅವರ ತಪ್ಪೂ ಅಲ್ಲವೆನ್ನಿ. ಕೊಳ್ಳುವ ಗುಂಡಿಗೆ ಗುಪ್ತ ಸಂಖ್ಯೆಯ ಬೀಗ ಹಾಕದೆ ಬಿಟ್ಟವರು ನಾವು.

ಗುಮಾಸ್ತನಾದವನಿಗೆ ಪೆಟ್ಟು ಬಿದ್ದ ಮೇಲೆ ನಿಯಮಾವಳಿ ಓದುವ ಚಟ. 2023ರ ಜುಲೈ ತಿಂಗಳಲ್ಲಿ ನೆಟ್‌ಫ್ಲಿಕ್ಸ್ ಕಂಪನಿಯು ಭಾರತದಲ್ಲಿಯೂ ಒಂದು ಖಾತೆ ಒಂದು ಮನೆತನಕ್ಕೆ ಮಾತ್ರವೆಂದು ಬಿಗಿ ಮಾಡಿದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ, ನಾವು ಒಂದು ಭಾನುವಾರ ಕುಳಿತು ಅದರ ಕರಾರನ್ನು ಮೊದಲಿನಿಂದ ಓದಿದೆವು. ಸೇವೆಯು ಸ್ವಂತದ ಉಪಯೋಗಕ್ಕೆ, ವ್ಯಾಪಾರಕ್ಕಲ್ಲ. ಮನೆತನದ ಹೊರಗಿನವರೊಡನೆ ಹಂಚಿಕೊಳ್ಳತಕ್ಕದ್ದಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ರೇಷನ್ ಕಾರ್ಡಿನಲ್ಲಿ ಹೆಸರಿದ್ದವರಿಗೆ ಸಕ್ಕರೆ, ನೆಂಟರಿಗೆ ಇಲ್ಲ ಎಂಬ ನ್ಯಾಯವೇ ಇಲ್ಲಿಯೂ. ಅಲ್ಲಿಗೆ ನಿಲ್ಲದೆ 1957ರ ಕಾಪಿರೈಟ್ ಕಾಯದೆಯನ್ನೂ ತೆರೆದೆವು. ಕೃತಿಯೊಂದನ್ನು ಸಾರ್ವಜನಿಕರಿಗೆ ತಲುಪಿಸುವುದೆಂದರೇನು ಎಂಬುದಕ್ಕೆ ಅಲ್ಲಿ ಒಂದು ವಿವರಣೆ ಸೇರಿಸಿದ್ದಾರೆ. ಉಪಗ್ರಹದಿಂದಲೋ ಕೇಬಲ್ಲಿನಿಂದಲೋ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಮನೆಗಳಿಗೆ ತಲುಪಿಸಿದರೆ ಅದು ಸಾರ್ವಜನಿಕರಿಗೆ ತಲುಪಿಸಿದಂತೆಯೇ, ಹೋಟೆಲು ಹಾಸ್ಟೆಲುಗಳ ವಾಸದ ಕೋಣೆಗಳೂ ಅದರಲ್ಲಿ ಸೇರಿವೆ ಎಂದು. ನಮ್ಮ ಮಹಡಿಯು ಹೋಟೆಲೋ ಮನೆಯೋ ಎಂದು ವಕೀಲರು ವಾದಿಸಲಿ. ದಿನಕ್ಕೆ ಇಷ್ಟೆಂದು ಹಣ ಪಡೆದು ಕೊಡುವ ಕೋಣೆಯಲ್ಲಿ ಮನೆಯ ಖಾತೆಯನ್ನು ಹಚ್ಚಿಡುವುದು ಕರಾರಿಗೆ ಒಪ್ಪುವುದಿಲ್ಲ ಎಂಬುದಕ್ಕೆ ವಕೀಲರು ಬೇಕಾಗಿಲ್ಲ. ಆ ಸಂಜೆಯೇ ಮೇಲೆ ಹೋಗಿ ನಮ್ಮ ಖಾತೆಯನ್ನು ತೆಗೆದು ಬಂದೆವು.

ಇನ್ನು ಎರಡನೆಯ ವ್ಯವಸ್ಥೆ. ಟೆಲಿವಿಷನ್ನು ನಮ್ಮದು, ಇಂಟರ್ನೆಟ್ಟು ನಮ್ಮದು, ಖಾತೆ ಮಾತ್ರ ಅತಿಥಿಯದು. ಈಗಿನ ಟೆಲಿವಿಷನ್ನುಗಳಲ್ಲಿ ಇದು ಸುಲಭವಾಗಿದೆ. ಪರದೆಯ ಮೇಲೆ ಒಂದು ಚೌಕುಳಿ ಚಿತ್ರವೋ ಆರೆಂಟು ಅಕ್ಷರಗಳ ಸಂಕೇತವೋ ಬರುತ್ತದೆ. ಅತಿಥಿಯು ತನ್ನ ಫೋನಿನಲ್ಲಿ ಅದನ್ನು ತೋರಿಸಿದರೆ ಸಾಕು, ರಿಮೋಟಿನಿಂದ ಅಕ್ಷರ ಅಕ್ಷರವಾಗಿ ಗುಪ್ತಪದ ಒತ್ತುವ ಗೋಳಿಲ್ಲ. ಸ್ಪಷ್ಟವಾದ ಎಚ್.ಡಿ. ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್ ವೇಗವಿದ್ದರೆ ನಡೆಯುತ್ತದೆ. ಅತಿ ಸೂಕ್ಷ್ಮದ 4ಕೆ ಚಿತ್ರಕ್ಕೆ 15 ಬೇಕು. ಎಚ್.ಡಿ. ಚಿತ್ರ ಗಂಟೆಗೆ ಸುಮಾರು 3 ಗಿಗಾಬೈಟ್ ನುಂಗುತ್ತದೆ. ಆದ್ದರಿಂದ ಲೆಕ್ಕವಿಟ್ಟು ಕೊಡುವ ಡಾಟಾ ಈ ಕೆಲಸಕ್ಕೆ ಒಗ್ಗದು, ತಿಂಗಳಿಗಿಷ್ಟೆಂಬ ಬ್ರಾಡ್‌ಬ್ಯಾಂಡೇ ಲೇಸು. ಅತಿಥಿಗಳ ವೈಫೈಗೆ ಬೇರೆ ಹೆಸರು, ಬೇರೆ ಗುಪ್ತಪದ ಮಾಡಿದೆವು. ಎಲ್ಲವೂ ನೆಟ್ಟಗಾಯಿತೆಂದುಕೊಂಡೆವು. ಆದರೆ ಬರುವಾಗ ಇದ್ದ ಉತ್ಸಾಹ ಮನುಷ್ಯನಿಗೆ ಹೊರಡುವಾಗ ಇರುವುದಿಲ್ಲ. ಚಾರ್ಜರು, ಕನ್ನಡಕ, ಒಗೆದು ಹಾಕಿದ ಪಂಚೆಗಳನ್ನು ಮರೆಯುವಂತೆ ಜನರು ತಮ್ಮ ಖಾತೆಯನ್ನೂ ನಮ್ಮ ಟೆಲಿವಿಷನ್ನಿನಲ್ಲಿ ಮರೆತುಹೋಗತೊಡಗಿದರು.

ಇಲ್ಲಿ ಒಂದು ತಪ್ಪೊಪ್ಪಿಗೆ. ಪಂಚೆ, ಕನ್ನಡಕಗಳನ್ನು ನಾವು ಅಂಚೆಯಲ್ಲಿ ಕಳಿಸಿದ್ದುಂಟು. ಖಾತೆಯನ್ನು ಮರಳಿಸಿದ್ದಿಲ್ಲ. ಯಾರೋ ಮರೆತ ಖಾತೆಯಲ್ಲಿ ನಮ್ಮ ಮಗನು ಮಹಡಿಗೆ ಓಡಿಹೋಗಿ ಕ್ರಿಕೆಟ್ ನೋಡುತ್ತಿದ್ದ. ನಾವೂ ಮೆಟ್ಟಿಲು ಹತ್ತಿ ಅವನ ಪಕ್ಕದಲ್ಲಿ ಕುಳಿತದ್ದುಂಟು. "ಯಾರದೋ ಚಂದಾ, ನಮಗ್ಯಾಕ್ರೀ?" ಎಂದು ಮನೆಯಾಕೆ ಒಂದೆರಡು ಸಲ ಅಂದಳು. ಅವರಿಗೇನೂ ನಷ್ಟವಿಲ್ಲವಲ್ಲ ಎಂದು ನಾವು ಜಾಣತನದ ಉತ್ತರ ಕೊಟ್ಟೆವು. ಕಚೇರಿಯ ಕಾಗದದಲ್ಲಿ ಮನೆಯ ಪತ್ರ ಬರೆಯುವವರೂ ಇದೇ ಉತ್ತರ ಕೊಡುತ್ತಾರೆ.

2024ರ ಶ್ರಾವಣದಲ್ಲಿ ಗದಗಿನ ಕಡೆಯ ವೃದ್ಧ ದಂಪತಿಗಳು ಬಂದು ನಮ್ಮಲ್ಲಿ ಹದಿನೆಂಟು ದಿನ ಇದ್ದರು. ಹೆಂಡತಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ. ದಿನ ಬಿಟ್ಟು ದಿನ ಹೋಗಿಬರಬೇಕು. ಬಂದ ಮರುದಿನವೇ ಅವರು ನಮಗೆ ಕಾಕಾ, ಕಾಕು ಆದರು. ನಾವು ಅವರಿಗೆ 'ತಮ್ಮಾ' ಆದೆವು. ಅವ್ವ ಕೆಳಗಿನಿಂದ ಗಂಜಿ ಕಳಿಸುವಳು, ಕಾಕು ಮೇಲಿನಿಂದ ಊರಿನ ಶೇಂಗಾ ಚಟ್ನಿ ಕಳಿಸುವರು. ಬೆಂಗಳೂರಿನಲ್ಲಿದ್ದ ಅವರ ಮಗನು ಫೋನಿನಲ್ಲಿ ಹೇಳಿಕೊಡುತ್ತಿದ್ದಂತೆ ನಾವೇ ನಿಂತು ಅವರ ಖಾತೆಯನ್ನು ಟೆಲಿವಿಷನ್ನಿಗೆ ಜೋಡಿಸಿಕೊಟ್ಟೆವು. ಆ ಖಾತೆಯಲ್ಲಿ 'ಅವ್ವ' ಎಂದು ಒಂದು ಹೆಸರಿತ್ತು. ಮಗನು ತಾಯಿಗಾಗಿ ಮಾಡಿಸಿದ್ದು.

ಕಾಕುಗೆ ರಾಜಕುಮಾರರ ಹಳೆಯ ಚಿತ್ರಗಳೆಂದರೆ ಪ್ರಾಣ. ಅದರಲ್ಲಿಯೂ 1971ರ 'ಕಸ್ತೂರಿ ನಿವಾಸ'. ಬೆಂಕಿಪೆಟ್ಟಿಗೆ ಕಾರ್ಖಾನೆಯ ಧಣಿ, ಕೊಡುಗೈ ದೊರೆ, ಕೊನೆಗೆ ಎಲ್ಲವನ್ನೂ ಕಳೆದುಕೊಳ್ಳುವ ಕಥೆ ಅದು. ಆ ಹದಿನೆಂಟು ದಿನಗಳಲ್ಲಿ ಅದನ್ನು ಅವರು ಮೂರು ಬಾರಿ ಹಚ್ಚಿಸಿಕೊಂಡರು. ಮೂರು ಬಾರಿಯೂ ಧಣಿಗೆ ಕಷ್ಟಕಾಲ ಮೊದಲಾದ ಕೂಡಲೆ, "ಸಾಕು, ಬಂದ್ ಮಾಡ್ರಿ. ಮುಂದಿಂದು ನೋಡಾಕ ಆಗೂದಿಲ್ಲ" ಎನ್ನುವರು. ಕಾಕಾ ನಗುತ್ತ ನಿಲ್ಲಿಸುವರು. "ಅರ್ಧಾ ಸಿನೆಮಾದಾಗ ಇಕಿ ಸಂಸಾರ ಸುಖವಾಗಿ ಮುಗೀತದ ನೋಡು ತಮ್ಮಾ" ಎಂದು ನಮಗೆ ಹೇಳುವರು. ಹತ್ತೊಂಬತ್ತನೆಯ ದಿನ ನಸುಕಿನಲ್ಲಿ, ವೈದ್ಯರು ಊರಿಗೆ ಕರೆದೊಯ್ಯಬಹುದೆಂದರೆಂದು ಹೇಳಿ, ಕಾರು ಮಾಡಿಕೊಂಡು ಹೊರಟರು. ಅವ್ವ ಕಾಕುಗೆ ಅರಿಸಿನ ಕುಂಕುಮ ಕೊಟ್ಟು ಉಡಿ ತುಂಬಿದಳು. ಖಾತೆಯ ನೆನಪು ಯಾರಿಗೂ ಆಗಲಿಲ್ಲ.

ಸಂಜೆ ಕೋಣೆ ಗುಡಿಸಿ ಟೆಲಿವಿಷನ್ನು ಹಚ್ಚಿದಾಗ ಅದೇ ಹೆಸರು ಬಂತು, 'ಅವ್ವ'. ನೋಡುತ್ತ ಬಿಟ್ಟ ಚಿತ್ರಗಳ ಸಾಲಿನಲ್ಲಿ 'ಕಸ್ತೂರಿ ನಿವಾಸ'. ಅದರ ಕೆಳಗೆ ಎಷ್ಟು ನೋಡಿಯಾಯಿತೆಂದು ತೋರಿಸುವ ಕೆಂಪು ಗೆರೆ. ಇನ್ನೂ ಮುಕ್ಕಾಲು ಗಂಟೆಯಷ್ಟು ಉಳಿದಿತ್ತು. ಮಗನು ಕ್ರಿಕೆಟ್ ಹಾಕೆಂದ. ಬೇಡವೆಂದೆವು. ಅಂದೇ ಆ ಖಾತೆಯಿಂದ ಹೊರಬಂದು ಕೈ ತೊಳೆದುಕೊಂಡಿದ್ದರೆ ಈ ಲೇಖನ ಬರೆಯುವ ಪ್ರಸಂಗ ಇರುತ್ತಿರಲಿಲ್ಲ. ನಾವು ಹಾಗೆ ಮಾಡಲಿಲ್ಲ. ಕಾಕುವಿನ ಆರೋಗ್ಯ ಹೇಗಿದೆಯೋ ಎಂಬ ಕಳವಳ. ಫೋನು ಮಾಡಿ ಕೇಳಲು ಸಂಕೋಚ. ಗೆರೆ ಮುಂದೆ ಹೋದರೆ ಊರಿನಲ್ಲಿ ಕುಳಿತು ನೋಡುತ್ತಿದ್ದಾರೆ, ಚೆನ್ನಾಗಿದ್ದಾರೆ ಎಂದು ತಿಳಿದೀತಲ್ಲ ಎಂದು ಮನಸ್ಸು ಒಂದು ದಾರಿ ಹುಡುಕಿತು. ದಿನವೂ ಕಚೇರಿಯಿಂದ ಬಂದು ಮಹಡಿ ಹತ್ತಿ, ಟೆಲಿವಿಷನ್ನು ಹಚ್ಚಿ, ಗೆರೆಯನ್ನು ನೋಡಿ ಇಳಿಯುತ್ತಿದ್ದೆವು. ಹತ್ತು ದಿನ ಗೆರೆ ಅಲುಗಲಿಲ್ಲ.

ಹನ್ನೊಂದನೆಯ ದಿನ ನೋಡಿದರೆ ಸಾಲಿನಲ್ಲಿ 'ಕಸ್ತೂರಿ ನಿವಾಸ' ಇರಲಿಲ್ಲ. ಕೊನೆಯವರೆಗೆ ನೋಡಿದ ಚಿತ್ರ ಆ ಸಾಲಿನಿಂದ ಇಳಿದುಹೋಗುತ್ತದೆ. ನಮಗಾದ ಸಂತೋಷ ಹೇಳತೀರದು. ಕೆಳಗಿಳಿದು ಬಂದು, "ಅವ್ವಾ, ಕಾಕು ಆರಾಮ ಆಗ್ಯಾರ. ಇಡೀ ಸಿನೆಮಾ ನೋಡಿ ಮುಗಿಸ್ಯಾರ!" ಎಂದು ಸಾರಿದೆವು. ಅವ್ವ ನಮ್ಮ ಮುಖವನ್ನೇ ನೋಡಿದಳು. "ನಿನಗ ಯಾರು ಹೇಳಿದರು?" ಎಂದು ಕೇಳಿದಳು. ಟೆಲಿವಿಷನ್ನು ಹೇಳಿತು ಎಂದೆವು. "ಅವರು ಹೇಳಿದರೇನು?" ಎಂದಳು. ಆಗ ನಮ್ಮ ನಾಲಗೆ ಏಳಲಿಲ್ಲ.

ಮನೆಯಾಕೆ ಫೋನನ್ನು ತಂದು ಕೈಯಲ್ಲಿಟ್ಟಳು. ಕಾಕಾ ಎತ್ತಿದರು. ಖಾತೆ ಇಲ್ಲಿಯೇ ಉಳಿದಿದೆ, ತೆಗೆಯುವುದಕ್ಕೆ ಮೊದಲು ತಿಳಿಸೋಣವೆಂದು ಮಾಡಿದೆವು ಎಂದು ಪೀಠಿಕೆ ಹಾಕಿ, ಕಾಕು ಹೇಗಿದ್ದಾರೆ ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಊರಿಗೆ ಹೋದ ಐದನೆಯ ದಿನ ತೀರಿಕೊಂಡರಂತೆ. ವೈದ್ಯರು ಕರೆದೊಯ್ಯಬಹುದೆಂದದ್ದು ಗುಣವಾಯಿತೆಂದಲ್ಲ. ಇನ್ನು ಮಾಡುವುದೇನೂ ಉಳಿದಿಲ್ಲವೆಂದು. ಅದನ್ನು ಅವರು ನಮಗೆ ಹೇಳದೆ ಹೋದದ್ದು, ಉಡಿ ತುಂಬುವ ಹೊತ್ತಿನಲ್ಲಿ ಅವ್ವನ ಕೈ ನಡುಗಬಾರದೆಂದು. "ರಾತ್ರಿ ನಿದ್ದಿ ಬರೂದಿಲ್ಲ ತಮ್ಮಾ. ನಿನ್ನೆ ಅಕಿ ಬಿಟ್ಟ ಸಿನೆಮಾ ಹಚ್ಚಿದೆ. ಕಡೀತನಕ ನೋಡಿದೆ" ಎಂದರು. ನಾವು ಏನು ಹೇಳಿದೆವೋ ನೆನಪಿಲ್ಲ. ಕೊನೆಗೆ ಅವರೇ, "ಅದನ್ಯಾಕ ತಗೀತೀಯೋ, ಇರಲಿ ಬಿಡು. ನಿಮ್ಮ ಹುಡುಗ ನೋಡ್ಲಿ. ಅಕಿಗೂ ಅವನ ಮ್ಯಾಲೆ ಪ್ರೀತಿ ಇತ್ತು" ಎಂದರು.

ಆ ಸಂಜೆ ಮಹಡಿಗೆ ಹೋಗಿ ಖಾತೆಯನ್ನು ತೆಗೆದೆವು. ಕಾಕಾ ಮನಸಾರೆ ಕೊಟ್ಟದ್ದನ್ನು ಹಾಗೆ ಮರಳಿಸಿದ್ದು ಅವಿನಯವೋ ಏನೋ. ಆದರೆ ನಾನೂರು ಕಿಲೋಮೀಟರಿಗೂ ಆಚೆ ಒಬ್ಬ ಮುದುಕ ನಿದ್ದೆಯಿಲ್ಲದೆ ಏನು ನೋಡುತ್ತಿದ್ದಾನೆಂಬುದು ನಮ್ಮ ಗೋಡೆಯ ಮೇಲೆ ಮೂಡುತ್ತಿರುವಾಗ, ಅದೇ ಗೋಡೆಯಲ್ಲಿ ಕ್ರಿಕೆಟ್ ನೋಡುವ ಧೈರ್ಯ ನಮಗೆ ಬರಲಿಲ್ಲ. ಅವರ ದುಃಖವನ್ನು ನಾವು ಸಂತೋಷವೆಂದು ಓದಿದ್ದೆವು. ಬೇರೆಯವರ ಕಾಗದವನ್ನು ಕದ್ದು ಓದುವವನಿಗೆ ಅರ್ಥವೂ ನೆಟ್ಟಗೆ ಆಗುವುದಿಲ್ಲವೆಂದು ತೋರುತ್ತದೆ.

ಈಗಿನ ವ್ಯವಸ್ಥೆಯನ್ನು ಹೇಳಿ ಮುಗಿಸುತ್ತೇವೆ. ಇಂಥದೇ ಕೋಣೆ ಕೊಡುವ ಬಾಂಧವರು ಸಂಘದಲ್ಲಿ ಇನ್ನೂ ಕೆಲವರಿದ್ದಾರೆ, ಅವರಿಗೆ ಉಪಯೋಗವಾದೀತು. ಮಹಡಿಯ ಮಾಳಿಗೆಗೆ ಪ್ರಸಾರ ಭಾರತಿಯ ಡಿ.ಡಿ. ಫ್ರೀ ಡಿಶ್ ತಟ್ಟೆ ಹಾಕಿಸಿದ್ದೇವೆ. ತಟ್ಟೆ, ಪೆಟ್ಟಿಗೆಗಳಿಗೆ ಒಮ್ಮೆ ಹಣ ಕೊಟ್ಟರಾಯಿತು, ತಿಂಗಳ ಚಂದಾ ಇಲ್ಲ. ಚಂದನವೂ ಬರುತ್ತದೆ, ಸಹ್ಯಾದ್ರಿಯೂ ಬರುತ್ತದೆ. ಖಾತೆ, ಗುಪ್ತಪದ ಎಂದರೆ ಹೆದರುವ ಹಿರಿಯರಿಗೆ ಇದೇ ಸಾಕು. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿಯು 'ವೇವ್ಸ್' ಎಂಬ ತನ್ನದೇ ಸ್ಟ್ರೀಮಿಂಗ್ ವೇದಿಕೆಯನ್ನೂ ತೆರೆದಿದೆ. ಉಳಿದದ್ದು ಬೇಕೆನ್ನುವವರು ತಮ್ಮ ಖಾತೆ ತಾವು ಹಚ್ಚಿಕೊಳ್ಳಬಹುದು. ಕೊಳ್ಳುವ ಗುಂಡಿಗೆ ಬೀಗ ಹಾಕಿದ್ದೇವೆ. ಟೆಲಿವಿಷನ್ನಿನ ಪಕ್ಕದಲ್ಲಿ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಒಂದು ಚೀಟಿ: ಹೊರಡುವಾಗ ಖಾತೆಯಿಂದ ಸೈನ್ ಔಟ್ ಆಗಿರಿ, ಮರೆತರೆ ಫೋನಿನಿಂದಲೂ ಎಲ್ಲ ಯಂತ್ರಗಳಿಂದ ಹೊರಬರಬಹುದು. ಹೊರಡುವ ದಿನವನ್ನು ಮೊದಲೇ ಬರೆದಿಟ್ಟರೆ ಅಂದು ತಾನಾಗಿಯೇ ಅತಿಥಿಯ ಖಾತೆಯನ್ನು ಅಳಿಸುವ ಏರ್ಪಾಡನ್ನು ರೋಕು ಎಂಬ ಅಮೆರಿಕದ ಕಂಪನಿ ತನ್ನ ಯಂತ್ರಗಳಲ್ಲಿ ಮಾಡಿದೆ. ನಮ್ಮ ಟೆಲಿವಿಷನ್ನಿನಲ್ಲಿ ಅದಿಲ್ಲ. ಆದ್ದರಿಂದ ಅತಿಥಿಗಳು ಬೀಗದ ಕೈ ಕೊಟ್ಟು ಮೆಟ್ಟಿಲಿಳಿದ ಕೂಡಲೆ ನಾವೇ ಮೇಲೆ ಹೋಗಿ, ಯಂತ್ರವನ್ನು ಹೊಸದರಂತೆ ತೊಳೆದುಬಿಡುವ ಗುಂಡಿಯನ್ನು ಒತ್ತುತ್ತೇವೆ. ಐದಾರು ನಿಮಿಷ ಪರದೆ ಕಪ್ಪಾಗಿ, ಆಮೇಲೆ ಯಾವ ಹೆಸರೂ ಇಲ್ಲದೆ ಬೆಳಗುತ್ತದೆ.

ಕಾಕಾ ಈಚೆಗೆ ತಿಂಗಳಿಗೊಮ್ಮೆ ತಾವಾಗಿಯೇ ಫೋನು ಮಾಡುತ್ತಾರೆ. ಮಗ ಬೆಂಗಳೂರಿಗೆ ಕರೆಯುತ್ತಿದ್ದಾನೆ, ಮನಸ್ಸಿಲ್ಲ ಎನ್ನುತ್ತಾರೆ. ಏನು ನೋಡುತ್ತೀರಿ ಎಂದು ನಾವು ಕೇಳುವುದಿಲ್ಲ. ಊಟವಾಯಿತೇ ಎಂದು ಕೇಳುತ್ತೇವೆ. ಬರುವ ಶ್ರಾವಣದಲ್ಲಿ ಪುಣೆಗೆ ಬಂದು ನಾಲ್ಕು ದಿನ ಇರಿ ಎಂದು ಅವ್ವ ಕರೆದಿದ್ದಾಳೆ. ಯಾವ ದಿನ ಎಂದು ಅವರೂ ಹೇಳಿಲ್ಲ, ನಾವೂ ಕೇಳಿಲ್ಲ.